ಎಲ್ಲಿಯವರೆಗೆ ವಾಸಿ

ಬೇರೆ ಊರುಗಳಲ್ಲಿ ಸಾಮಾನು ಮುರಿದರೆ ರಿಪೇರಿ ಮಾಡಿಸುತ್ತಾರೆ, ಇಲ್ಲವೇ ಗುಜರಿಗೆ ಹಾಕುತ್ತಾರೆ ಎಂದು ಕೇಳಿದ್ದೇನೆ. ನಮ್ಮೂರಿನಲ್ಲಿ ಸಾಮಾನು ವಾಸಿಯಾಗುತ್ತದೆ. ಬಟ್ಟೆ ಸುತ್ತಿ, ಕಟ್ಟು ಬಿಗಿದು, ಒಂದು ಮೂಲೆಯಲ್ಲಿ ಅಲುಗಾಡದಂತೆ ಮಲಗಿಸಿದರೆ ಸಾಕು. ಮಣ್ಣಿನ ಗಡಿಗೆಗೆ ಮೂರು ದಿನ, ಮರಕ್ಕೆ ಐದು ದಿನ, ತಾಮ್ರ ಹಿತ್ತಾಳೆಗೆ ಏಳು ದಿನ. ಗಾಜಿನ ವಿಷಯ ಮಾತ್ರ ಕೇಳಬೇಡಿ, ಅದರ ಮನಸ್ಸು ಅದಕ್ಕೇ ಗೊತ್ತು. ಚೂರು ಕಳೆದುಹೋಗಿದ್ದರೂ ಚಿಂತೆಯಿಲ್ಲ, ಹೊಸದು ಬೆಳೆಯುತ್ತದೆ. ಪಾತ್ರೆಗೆ ಹೆಸರು ಕೆತ್ತುವ ಖಲಂದರ್ ಸಾಬರ ಬಾಚಣಿಗೆಗೆ ಉದುರಿದ್ದ ಆರು ಹಲ್ಲೂ ಮತ್ತೆ ಬಂದವು. ‘ನನಗೇ ಬರ್ಲಿಲ್ಲ, ಬಾಚಣಿಗೆಗೆ ಬಂತು ನೋಡವ್ವಾ’ ಎಂದು ಸಾಬರು ಬೊಚ್ಚುಬಾಯಿ ತೆರೆದು ಈಗಲೂ ನಗುತ್ತಾರೆ.

ಹೌದು, ಮನುಷ್ಯರಿಗೆ ಇದು ನಾಟುವುದಿಲ್ಲ. ನೆಗಡಿ ಬಂದರೆ ನಾವೂ ಎಲ್ಲರಂತೆ ಮೂಗು ಒರೆಸಿಕೊಂಡೇ ಇರಬೇಕು. ಹಿಂದೊಮ್ಮೆ ಪೋಸ್ಟ್ ಮಾಸ್ತರರು ಬೋಳುತಲೆಗೆ ಕಟ್ಟು ಕಟ್ಟಿಸಿಕೊಂಡು ಹದಿನೈದು ದಿನ ಆಫೀಸಿನಲ್ಲಿ ಕೂತಿದ್ದರು. ಒಂದು ಕೂದಲೂ ಬರಲಿಲ್ಲ. ಪೇಟದ ಹಾಗೆ ಚೆನ್ನಾಗಿ ಒಪ್ಪುತ್ತದೆ ಎಂದು ಯಾರೋ ಹೇಳಿದ್ದಕ್ಕೆ ಆಮೇಲೂ ಎರಡು ತಿಂಗಳು ಅದನ್ನು ಬಿಚ್ಚಲಿಲ್ಲ.

ಕಟ್ಟು ಕಟ್ಟುವ ಪುಟ್ಟನಂಜಮ್ಮ ಎಂದರೆ ನಾನೇ. ಮೂವತ್ತೆರಡು ವರ್ಷದಿಂದ ಇದೇ ಕೆಲಸ. ನನ್ನ ಬಾಯಿ ಜೋರು ಎನ್ನುತ್ತಾರೆ, ಇರಲಿ, ನನ್ನ ಕೈಯ ಬಗ್ಗೆ ಯಾರೂ ಏನೂ ಅಂದಿಲ್ಲ. ನಿಜ ಹೇಳಬೇಕೆಂದರೆ ಕಟ್ಟುವುದರಲ್ಲಿ ಅಂಥ ವಿದ್ಯೆಯೇನೂ ಇಲ್ಲ, ಹರಕು ಪಂಚೆ ಇದ್ದವರೆಲ್ಲ ಕಟ್ಟಬಹುದು. ವಿದ್ಯೆ ಇರುವುದು ಬಿಚ್ಚುವುದರಲ್ಲಿ. ಯಾವ ದಿನ, ಯಾವ ಹೊತ್ತಿಗೆ ಬಿಚ್ಚಬೇಕು ಎಂದು ಗೊತ್ತಿರಬೇಕು.

ಯಾಕೆಂದರೆ ವಾಸಿಯಾಗುವುದು ತನ್ನಷ್ಟಕ್ಕೆ ನಿಲ್ಲುವುದಿಲ್ಲ. ಮೊದಲು ತೀರಾ ಈಚಿನ ಏಟು ಮಾಯುತ್ತದೆ. ಆಗಲೇ ಬಿಚ್ಚದಿದ್ದರೆ ದಿನಕ್ಕೊಂದರಂತೆ ಅದರ ಹಿಂದಿನದು, ಅದರ ಹಿಂದಿನದು ಎಂದು ಮಾಯುತ್ತಲೇ ಹೋಗುತ್ತದೆ. ನಾನು ಹೊಸದಾಗಿ ಕೆಲಸ ಹಿಡಿದಾಗ ಸ್ಕೂಲಿನ ಬೆಂಚೊಂದಕ್ಕೆ ಕಟ್ಟು ಕಟ್ಟಿ, ತಂಗಿಯ ಬಾಣಂತನಕ್ಕೆ ಹೋಗಿ ಮರೆತುಬಿಟ್ಟೆ. ಮುರಿದ ಕಾಲು ಸರಿಯಾಯಿತು, ಹುಡುಗರು ಬ್ಲೇಡಿನಲ್ಲಿ ಕೊರೆದಿದ್ದ ಹೆಸರುಗಳೆಲ್ಲ ಹೋದವು, ಹೆಡ್ ಮಾಸ್ತರರು ಹಿರಿಹಿರಿ ಹಿಗ್ಗಿದರು. ತಿಂಗಳು ಕಳೆದು ನಾನು ಬಿಚ್ಚುವಷ್ಟರಲ್ಲಿ ಅದು ಬೆಂಚಾಗಿರಲಿಲ್ಲ, ತೊಗಟೆ ಸಮೇತ ಹೊನ್ನೆಮರದ ದಿಮ್ಮಿಯಾಗಿತ್ತು. ಎರಡು ಎಲೆ ಬೇರೆ ಬಿಟ್ಟಿತ್ತು. ಅದನ್ನು ಸ್ಕೂಲಿನ ಮುಂದೆಯೇ ನೆಟ್ಟರು, ಈಗ ಅದರ ನೆರಳಿನಲ್ಲಿ ಮಕ್ಕಳು ಊಟ ಮಾಡುತ್ತಾರೆ. ನನ್ನ ಮಾನ ಹೋದದ್ದು ಹೋಯಿತು.

ಅಂದಿನಿಂದ ಯಾರು ಏನು ತಂದರೂ ನಾನು ಕೇಳುವ ಮೊದಲ ಮಾತು ಒಂದೇ. ‘ಎಲ್ಲಿವರ್ಗೂ ವಾಸಿ ಮಾಡ್ಲಿ?’ ಹೊರಗಿನಿಂದ ಬಂದವರು ಇದನ್ನು ಕೇಳಿ ಕಣ್ಣುಕಣ್ಣು ಬಿಡುತ್ತಾರೆ. ವಾಸಿ ಎಂದರೆ ವಾಸಿ, ಅದರಲ್ಲಿ ಎಲ್ಲಿಯವರೆಗೆ ಏನು ಬಂತು ಎನ್ನುತ್ತಾರೆ. ನಮ್ಮೂರಿನವರು ಹಾಗಲ್ಲ. ಕೂತು ಯೋಚಿಸುತ್ತಾರೆ. ‘ಈ ಸೀಳು ಹೋಗ್ಲಿ ನಂಜಮ್ಮ, ಆದ್ರೆ ಪಕ್ಕದಲ್ಲಿರೋ ತಗ್ಗು ಇರ್ಲಿ, ನಮ್ಮ ಮಗ ಮೊದಲನೇ ಸಲ ಎತ್ತಿ ಹಾಕಿದ್ದು’ ಎಂದು ಲೋಟ ಕೊಟ್ಟು ಹೋಗುತ್ತಾರೆ.

ಈಗ ಕೆಂಪೀರಕ್ಕನ ಹಂಡೆಯ ವಿಷಯಕ್ಕೆ ಬರುತ್ತೇನೆ. ಅದಕ್ಕೂ ಮೊದಲು ನಮ್ಮೂರಿನ ಹಂಡೆಯ ಮರ್ಯಾದೆ ಎಂಥದ್ದು ಅಂತ ಹೇಳಿಬಿಡಬೇಕು, ಇಲ್ಲದಿದ್ದರೆ ಒಂದು ಪಾತ್ರೆಗೆ ಇಷ್ಟೊಂದು ರಂಪವೇ ಎಂದು ನೀವು ನಗುತ್ತೀರಿ. ಇಲ್ಲಿ ಪ್ರತಿ ಮನೆಯ ಬಚ್ಚಲಲ್ಲೂ ನೀರು ಕಾಯಿಸುವ ತಾಮ್ರದ ಹಂಡೆ ಇರುತ್ತದೆ. ಆ ಮನೆಗೆ ಸೊಸೆಯಾಗಿ ಬಂದವಳ ಹೆಸರನ್ನು ಅದರ ಹೊಟ್ಟೆಯ ಮೇಲೆ ಚುಕ್ಕಿ ಚುಕ್ಕಿಯಾಗಿ ಕೆತ್ತಿಸುತ್ತಾರೆ. ದೀಪಾವಳಿಗೆ ಮುಂಚಿನ ನೀರು ತುಂಬುವ ಹಬ್ಬದಲ್ಲಿ ಹಂಡೆಗೆ ಮೊದಲ ಕೊಡ ನೀರು ಹೊಯ್ಯುವವಳು ಅದರ ಮೇಲೆ ಹೆಸರಿರುವವಳೇ. ಹಂಡೆಯ ಮೇಲೆ ಹೆಸರಿಲ್ಲದವಳು ಮೂವತ್ತು ವರ್ಷ ಸಂಸಾರ ಮಾಡಿದರೂ ಆ ಮನೆಯಲ್ಲಿ ನೆಂಟಳೇ. ಹೆಸರು ಹೋದರೆ ಮತ್ತೆ ಕೆತ್ತಿಸಬಹುದು, ಆದರೆ ಮನೆಯ ಹಿರಿಯಳು ಹ್ಞೂಂ ಅನ್ನಬೇಕು.

ಕೆಂಪೀರಕ್ಕನ ಮನೆ ನಮ್ಮ ಬೀದಿಯಲ್ಲೇ, ನಾಲ್ಕು ಮೆಟ್ಟಿಲು ಎತ್ತರದ ಮೇಲಿದೆ. ಗಂಡ ಗಿರಿಯಪ್ಪಣ್ಣ ಬಡಗಿ. ಕೈ ನಡುಗಲು ಶುರುವಾದ ಮೇಲೆ ಕೆಲಸ ಬಿಟ್ಟು ಜಗಲಿಯ ಮೇಲೆ ಕೂತಿರುತ್ತಾನೆ. ಮಾತು ಕಡಿಮೆ. ಮಗನಿಗೆ ಹೋದ ವರ್ಷ ಮದುವೆಯಾಗಿ ಚಂದ್ರಕಲಾ ಎನ್ನುವ ಹುಡುಗಿ ಸೊಸೆಯಾಗಿ ಬಂದಳು. ಚುರುಕು, ನಗುಮುಖ, ಒಂದಕ್ಕೆ ಎರಡು ಮಾತಾಡುತ್ತಾಳೆ. ನನಗೆ ಅವಳನ್ನು ಕಂಡರೆ ಇಷ್ಟ. ಅವಳು ಬಂದ ತಿಂಗಳಿಗೇ ಮಗ ಯಾರನ್ನೂ ಕೇಳದೆ ಖಲಂದರ್ ಸಾಬರನ್ನು ಕರೆಸಿ ಹಂಡೆಯ ಮೇಲೆ ಅವಳ ಹೆಸರು ಕೆತ್ತಿಸಿಬಿಟ್ಟ. ಆವತ್ತು ಕೆಂಪೀರಕ್ಕ ಬಾಯಿ ಬಿಡಲಿಲ್ಲ. ಬಿಡದೆ ಇದ್ದದ್ದೇ ಎಲ್ಲರಿಗೂ ಭಯ.

ಈ ವರ್ಷ ನೀರು ತುಂಬುವ ಹಬ್ಬಕ್ಕೆ ಇನ್ನು ಒಂಬತ್ತು ದಿನ ಇದೆ ಎನ್ನುವಾಗ ಹಂಡೆ ಬೆಳಗಲು ಹೊರಗೆ ತಂದಿದ್ದಾರೆ. ‘ನಾನು ಬೆಳಗ್ತೀನಿ ಬಿಡಿ ಅತ್ತೆ’ ಎಂದು ಸೊಸೆ ಒಂದು ಕಡೆಯಿಂದ ಎಳೆದಳಂತೆ. ‘ನಿಂಗೇನು ಗೊತ್ತು ಅದರ ಮೈ, ಬಿಡೆ’ ಎಂದು ಅತ್ತೆ ಇನ್ನೊಂದು ಕಡೆಯಿಂದ. ಹಂಡೆ ಇಬ್ಬರ ಕೈಯನ್ನೂ ಬಿಟ್ಟು ನಾಲ್ಕು ಮೆಟ್ಟಿಲು ಡಣ್ ಡಣ್ ಎಂದು ಇಳಿದು, ಬೀದಿ ದಾಟಿ, ಗಿರಣಿಯ ಗೋಡೆಗೆ ಗುದ್ದಿ ನಿಂತಿತು. ಕಂಠ ಸೀಳಿತ್ತು, ಹೊಟ್ಟೆ ತಗ್ಗು ಬಿದ್ದಿತ್ತು. ಗಿರಣಿಯಲ್ಲಿ ಹಿಟ್ಟಿಗೆ ನಿಂತವರೆಲ್ಲ ಅಯ್ಯಯ್ಯೋ ಎಂದರು. ಮಗು ಬಿದ್ದರೂ ನಮ್ಮ ಜನ ಅಷ್ಟು ಕೂಗುವುದಿಲ್ಲ.

ಮಧ್ಯಾಹ್ನ ಕೆಂಪೀರಕ್ಕನೇ ಗಾಡಿಯಲ್ಲಿ ಹಂಡೆ ಹೇರಿಕೊಂಡು ನಮ್ಮ ಮನೆಗೆ ಬಂದಳು. ನಾನು ಮಾಮೂಲಿನಂತೆ ಕೇಳಿದೆ.

‘ಎಲ್ಲಿವರ್ಗೂ ವಾಸಿ ಮಾಡ್ಲಿ ಅಕ್ಕ? ಸೀಳು, ತಗ್ಗು, ಅಷ್ಟೇ ತಾನೆ?’

ಅವಳು ಹಿಂದೆ ಮುಂದೆ ನೋಡಿ ಬಾಗಿಲು ಓರೆ ಮಾಡಿದಳು.

‘ಒಂದಿನ ಜಾಸ್ತಿ ಬಿಡು ನಂಜಿ.’

ನನಗೆ ತಕ್ಷಣ ಅರ್ಥವಾಯಿತು. ಏಳು ದಿನಕ್ಕೆ ಸೀಳು, ತಗ್ಗು ಎರಡೂ ಒಂದೇ ಏಟಿನವಾದ್ದರಿಂದ ಒಟ್ಟಿಗೆ ಮಾಯುತ್ತವೆ. ಎಂಟನೇ ದಿನ ಹೋಗುವುದು ಅದರ ಹಿಂದಿನ ಗಾಯ. ತಾಮ್ರಕ್ಕೆ ಹೆಸರೂ ಗಾಯವೇ ತಾನೆ. ಆ ಹಂಡೆಯ ಮೇಲೆ ತೀರಾ ಹೊಸ ಗಾಯ ಚಂದ್ರಕಲಾ.

‘ಥೂ, ನಿನ್ನ ವಯಸ್ಸಿಗೆ ಇದೇನಕ್ಕಾ ಬುದ್ಧಿ!’ ಎಂದೆ.

‘ನಂಗೆ ಬುದ್ಧಿ ಹೇಳಕ್ಕೆ ಬರ್ಬೇಡ. ಮೂವತ್ತೊಂಬತ್ತು ವರ್ಷ ಆ ಮನೇಲಿ ಹೆಸ್ರಿಲ್ದೆ ನೀರು ಕಾಯ್ಸಿದೀನಿ. ನೀರು ತುಂಬೋ ಹಬ್ಬದ ದಿವ್ಸ ನಮ್ಮತ್ತೆ ಸಾವಂತ್ರಮ್ಮನ ಹೆಸ್ರು ಹೇಳ್ಕಂಡು ಕೊಡ ಎತ್ತಿದೀನಿ. ಅವಳು ಬಂದು ತಿಂಗ್ಳಾಗಿಲ್ಲ, ಚಂದ್ರಕಲಾ! ಬಟ್ಟೆ ಅಂಗಡಿ ಬೋರ್ಡ್ ಇದ್ದಂಗೆ ಐತೆ.’

‘ನಿನ್ನ ಹೆಸ್ರನ್ನೂ ಹಾಕಿಸ್ಕೋಬೇಕಿತ್ತು. ಯಾರು ಬೇಡ ಅಂದೋರು?’

‘ನಂಗೆ ಬೇಕಾಗಿರ್ಲಿಲ್ಲ’ ಎಂದಳು ಕೆಂಪೀರಕ್ಕ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಗೋಡೆಯ ಕಡೆ ನೋಡಿದಳು. ‘ಯಾರಾದ್ರೂ ಕೇಳಿದ್ರೆ, ಹಂಡೆ ತಾನೇ ಅಳಿಸ್ಕಂತು, ಅದಕ್ಕೇ ಇಷ್ಟ ಇರ್ಲಿಲ್ಲ ಅನ್ನಾನ. ನಿನ್ನ ಮೇಲೆ ಮಾತು ಬರಲ್ಲ.’

ಹೊರಗೆ ಹಾಕುತ್ತೇನೆ ಎಂದೇ ನಾನು ಹಂಡೆಗೆ ಕೈ ಹಚ್ಚಿದ್ದು. ನನ್ನ ಕೈಗೊಂದು ಅಭ್ಯಾಸವಿದೆ, ಯಾವ ಸಾಮಾನು ಬಂದರೂ ಒಮ್ಮೆ ಮೈ ಸವರುತ್ತದೆ. ಸೀಳು ಸಿಕ್ಕಿತು, ತಗ್ಗು ಸಿಕ್ಕಿತು, ಸಾವಂತ್ರಮ್ಮ ಎನ್ನುವ ಸವೆದ ಚುಕ್ಕಿಗಳು ಸಿಕ್ಕಿದವು, ಚಂದ್ರಕಲಾ ಸಿಕ್ಕಳು. ಅವೆರಡರ ಮಧ್ಯೆ ಅಂಗೈಯಗಲದ ಒಂದು ಜಾಗ ನುಣ್ಣಗಿತ್ತು. ಬೆಳಗಿ ಬೆಳಗಿ ನುಣ್ಣಗಾದದ್ದಲ್ಲ. ಅಲ್ಲಿ ತಾಮ್ರ ತೆಳುವಾಗಿತ್ತು, ಸಣ್ಣಸಣ್ಣ ಗೀರು ಒಂದೇ ಕಡೆಗೆ ಎಳೆದಿದ್ದವು. ಅದು ಅರದ ಕೆಲಸ. ಯಾರೋ ಅರ ಹಿಡಿದು ಅಲ್ಲಿದ್ದದ್ದನ್ನು ಉಜ್ಜಿ ತೆಗೆದಿದ್ದರು. ಅದೂ ನೆನ್ನೆ ಮೊನ್ನೆಯಲ್ಲ, ಗೀರಿನ ಅಂಚೆಲ್ಲ ಸವೆದು ಹೋಗಿತ್ತು.

ಕೆಂಪೀರಕ್ಕ ನನ್ನ ಕೈಯನ್ನೇ ನೋಡುತ್ತಿದ್ದಳು. ನಾನು ತಲೆ ಎತ್ತಿದಾಗ ಮುಖ ತಿರುಗಿಸಿಕೊಂಡಳು.

‘ಆಯ್ತು ಅಕ್ಕ, ಬಿಟ್ಟೋಗು’ ಎಂದೆ.

ನನ್ನ ಮನಸ್ಸಿನಲ್ಲಿ ಬಂದ ಲೆಕ್ಕ ಸರಳವಾಗಿತ್ತು. ಅರ ಉಜ್ಜಿದ್ದೂ ಒಂದು ಏಟೇ. ಅದು ಎಂಟನೇ ದಿನಕ್ಕೆ ಬರುವುದಿಲ್ಲ, ಚಂದ್ರಕಲಾ ಹೋದ ಮೇಲೆ ಒಂಬತ್ತನೇ ದಿನಕ್ಕೆ ಬರುತ್ತದೆ. ಬಾಚಣಿಗೆಯ ಹಲ್ಲು ಬರುವುದಾದರೆ ಉಜ್ಜಿಹೋದ ತಾಮ್ರವೂ ಬರಬೇಕು. ಬಂದರೆ, ಅಲ್ಲಿ ಮೊದಲು ಏನಿತ್ತೋ ಅದರ ಸಮೇತ ಬರಬೇಕು. ಆದರೆ ಮೂವತ್ತೆರಡು ವರ್ಷದಲ್ಲಿ ಅರ ಉಜ್ಜಿದ ಪಾತ್ರೆಯನ್ನು ಯಾರೂ ನನ್ನಲ್ಲಿಗೆ ತಂದಿರಲಿಲ್ಲ. ನಮ್ಮೂರಿನಲ್ಲಿ ಬೇಕೆಂದೇ ಉಜ್ಜಿದ್ದನ್ನು ಯಾರೂ ಗಾಯ ಅಂತ ಲೆಕ್ಕಕ್ಕೆ ಹಿಡಿಯುವುದಿಲ್ಲ, ಹೋಯಿತು ಅಂದರೆ ಹೋಯಿತು ಅಷ್ಟೆ. ಏನೂ ಬರದೆ ಹೋದರೆ? ಆ ಹುಡುಗಿಯ ಹೆಸರನ್ನು ನಾನೇ ಕೈಯಾರೆ ಕಳೆದಂತಾಗುತ್ತದೆ. ಆದರೂ ಅವತ್ತೇ ಕಟ್ಟು ಬಿಗಿದು ಮೂಲೆಯಲ್ಲಿ ಮಲಗಿಸಿದೆ.

ಕಟ್ಟಿದ ಸಾಮಾನನ್ನು ನೋಡಿಕೊಂಡು ಹೋಗಲು ಜನ ಬರುವುದು ನಮ್ಮಲ್ಲಿ ಪದ್ಧತಿ. ಬರಿಗೈಲಿ ಬರುವುದಿಲ್ಲ, ಎರಡು ಬಾಳೆಹಣ್ಣೋ ಒಂದು ಸೌತೆಕಾಯಿಯೋ ತರುತ್ತಾರೆ. ತಿನ್ನುವವಳು ನಾನು. ಹಂಡೆ ಎಂದ ಮೇಲೆ ಜನವೂ ಹೆಚ್ಚು. ‘ಹೆಂಗೈತೆ?’ ‘ಪರವಾಗಿಲ್ಲ, ಕಂಠ ಕೂಡ್ತಾ ಐತೆ.’ ‘ಗಾಳಿ ಬಡೀದಂಗೆ ನೋಡ್ಕೋ.’ ಪೋಸ್ಟ್ ಮಾಸ್ತರರೂ ಬಂದು ಹೋದರು. ಗಿರಿಯಪ್ಪಣ್ಣ ಎರಡು ಸಲ ಬಂದ. ಏನೂ ಕೇಳಲಿಲ್ಲ, ಹಂಡೆಯ ಪಕ್ಕ ಸ್ವಲ್ಪ ಹೊತ್ತು ಕೂತು ಎದ್ದು ಹೋದ.

ಆರನೇ ದಿನ ಚಂದ್ರಕಲಾ ಬಂದಳು. ತಂದಿದ್ದ ಕೋಡುಬಳೆ ನನ್ನ ಮುಂದಿಟ್ಟು, ಹಂಡೆಯ ಕಟ್ಟಿನ ಮೇಲೆ ಕೈಯಿಟ್ಟಳು.

‘ದೊಡ್ಡಮ್ಮ, ಒಂದು ಮಾತು ಕೇಳ್ಲಾ? ನಮ್ಮತ್ತೆ ನಿಮಗೆ ಏನೋ ಹೇಳಿದಾರೆ ಅಲ್ವಾ?’

‘ಯಾರಂದ್ರು?’

‘ಯಾರೂ ಅನ್ಲಿಲ್ಲ. ಒಂದು ವಾರದಿಂದ ನನ್ನ ಮೇಲೆ ಒಂದ್ಸಲಾನೂ ರೇಗಿಲ್ಲ. ನೆನ್ನೆ ನನ್ನ ತಟ್ಟೆಗೆ ಅವರೇ ತುಪ್ಪ ಹಾಕಿದ್ರು. ನನಗೆ ಹೆದರಿಕೆ ಆಗ್ತಿದೆ.’

ನನಗೆ ನಗು ತಡೆಯಲಾಗಲಿಲ್ಲ. ನಕ್ಕ ಮೇಲೆ ಸುಳ್ಳು ಹೇಳಲು ಬಾಯಿ ಬರಲಿಲ್ಲ. ಎಲ್ಲ ಹೇಳಿಬಿಟ್ಟೆ. ಅತ್ತೆ ಕೇಳಿದ್ದು, ಎಂಟನೇ ದಿನಕ್ಕೆ ಹೆಸರು ಹೋಗುವುದು, ಮಧ್ಯದ ನುಣ್ಣನೆ ಜಾಗ, ಒಂಬತ್ತನೇ ದಿನ. ಹುಡುಗಿಯ ಮುಖ ಸಣ್ಣದಾಯಿತು. ಕೋಡುಬಳೆ ಮುರಿಯುತ್ತಾ ಕೂತಳು, ತಿನ್ನಲಿಲ್ಲ.

‘ಈಗ್ಲೂ ಹೊತ್ತು ಮೀರಿಲ್ಲ ಕಣೆ. ನಾಳೆ ಏಳನೇ ದಿನ. ಬಿಚ್ಚು ಅಂದ್ರೆ ಬಿಚ್ಚಿಬಿಡ್ತೀನಿ, ನಿನ್ನ ಹೆಸರು ಇದ್ದಂಗೇ ಇರ್ತದೆ. ನಿಮ್ಮತ್ತೆ ನನ್ನ ಮೇಲೆ ಹಾರಾಡ್ತಾಳೆ, ಹಾರಾಡ್ಲಿ. ನನಗೇನು ಹೊಸದಲ್ಲ.’

ಅವಳು ಹಂಡೆಯ ಕಡೆ ತಿರುಗಿದಳು.

‘ಆ ನುಣ್ಣನೆ ಜಾಗ ನಾನು ನೋಡಿದೀನಿ ದೊಡ್ಡಮ್ಮ. ಹೋದ ವರ್ಷ ಹಬ್ಬಕ್ಕೆ ಹಂಡೆ ಬೆಳಗುವಾಗ ಮಾವನೂ ಕೈ ಹಾಕಿದ್ರು. ಅಲ್ಲಿಗೆ ಬಂದಾಗ ಅವರ ಕೈ ನಿಂತುಬಿಡ್ತು. ಯಾಕೆ ಮಾವ ಅಂದೆ, ಏನಿಲ್ಲ ಕಣವ್ವ ಅಂದ್ರು. ಅತ್ತೆ ಆ ಜಾಗಾನ ಯಾರಿಗೂ ಮುಟ್ಟಕ್ಕೆ ಬಿಡಲ್ಲ. ಮೆಟ್ಟಿಲ ಮೇಲೆ ನಮ್ಮಿಬ್ಬರಿಗೂ ಎಳೆದಾಟ ಆಗಿದ್ದು ಅದಕ್ಕೇನೇ ಇರ್ಬೇಕು.’

‘ಆಗಿರ್ಬೋದು.’

‘ಒಂಬತ್ತನೇ ದಿನಕ್ಕೆ ಬಿಚ್ಚಿ.’

‘ಏನೂ ಬರ್ದೆ ಹೋದ್ರೆ?’

‘ನಿಮ್ಮನೆಗೆ ಬಂದು ಕೂತ್ಕೋತೀನಿ. ನಿಮ್ಮ ಹಂಡೆ ಮೇಲೆ ನನ್ನ ಹೆಸರು ಹಾಕಿಸಿ’ ಎಂದು ನಕ್ಕಳು. ಕಣ್ಣು ಮಾತ್ರ ತುಂಬಿಕೊಂಡಿತ್ತು. ಮುರಿದ ಕೋಡುಬಳೆಯನ್ನೆಲ್ಲ ನನ್ನ ಕೈಗೆ ಹಾಕಿ ಎದ್ದು ಹೋದಳು. ಮಗಳನ್ನು ಹೆತ್ತಿದ್ದರೆ ಇಂಥವಳನ್ನೇ ಹೆರಬೇಕಿತ್ತು ಎಂದು ನನಗೆ ಅನ್ನಿಸಿತು.

ಎಂಟನೇ ದಿನ ಬೆಳಗ್ಗೆಯೇ ಕೆಂಪೀರಕ್ಕ ಹಾಜರು. ಗಾಡಿಯನ್ನೂ ಕರೆದುಕೊಂಡು ಬಂದಿದ್ದಳು.

‘ಎಂಟಾಯ್ತಲ್ಲ, ಬಿಚ್ಚು.’

‘ಇನ್ನೂ ಹಸಿ ಐತೆ ಅಕ್ಕ.’

‘ತಾಮ್ರಕ್ಕೆ ಏಳು ದಿನ ಅಂತ ಊರಿಗೆಲ್ಲ ಡಂಗುರ ಹೊಡೀತೀಯ, ಈಗ ಹಸಿ ಅಂತೀಯಲ್ಲೇ!’

‘ಏಟು ಜೋರಾಗಿತ್ತು. ಗಿರಣಿ ಗೋಡೆಗೆ ಗುದ್ದಿದ್ದಲ್ವಾ. ಈಗ ಬಿಚ್ಚಿದ್ರೆ ನಾಳೆ ಹಬ್ಬದಲ್ಲಿ ನೀರು ಹಾಕಿದ್ ತಕ್ಷಣ ಕಂಠ ಬಿಟ್ಕೊಂತದೆ. ಆಮೇಲೆ ನನ್ನ ಕೇಳ್ಬೇಡ.’

ಮೂವತ್ತೆರಡು ವರ್ಷದಲ್ಲಿ ಕೆಲಸದ ವಿಷಯಕ್ಕೆ ನಾನು ಹೇಳಿದ ಮೊದಲ ಸುಳ್ಳು ಅದು. ಅವಳು ಕಟ್ಟಿನ ಮೇಲೆ ಕಿವಿ ಇಟ್ಟು ಕೇಳಿದಳು, ಬೆರಳಲ್ಲಿ ತಟ್ಟಿದಳು, ನನ್ನ ಮುಖ ನೋಡಿದಳು. ನಾನು ಒಲೆ ಊದಲು ಹೋದೆ. ಬೈದುಕೊಂಡು ಖಾಲಿ ಗಾಡಿಯಲ್ಲಿ ವಾಪಸು ಹೋದಳು.

ಒಂಬತ್ತನೇ ದಿನ ನೀರು ತುಂಬುವ ಹಬ್ಬ. ಬಿಸಿಲು ಏರುವ ಮುಂಚೆ ಕಟ್ಟಿನ ಸಮೇತ ಹಂಡೆಯನ್ನು ಅವರ ಮನೆಗೇ ಹೊರಿಸಿಕೊಂಡು ಹೋಗಿ ಅಂಗಳದಲ್ಲಿ ಇಳಿಸಿದೆ. ಸೊಸೆ ರಂಗೋಲಿ ಬಿಟ್ಟಿದ್ದಳು, ಬಾವಿಯಿಂದ ಸೇದಿದ ನೀರಿನ ಕೊಡಗಳನ್ನು ಸಾಲಾಗಿ ಇಟ್ಟಿದ್ದಳು. ಗಿರಿಯಪ್ಪಣ್ಣ ಜಗಲಿಯ ಮೇಲಿದ್ದ. ಕೆಂಪೀರಕ್ಕ ಹೊಸ ಸೀರೆ ಉಟ್ಟು, ಹೇಳಬೇಕಾದ ಮಾತನ್ನು ಬಾಯಲ್ಲಿ ಇಟ್ಟುಕೊಂಡೇ ನಿಂತಿದ್ದಳು.

ನಾನು ಬಿಚ್ಚತೊಡಗಿದೆ. ಒಂದು ಸುತ್ತು, ಎರಡು ಸುತ್ತು. ಕಂಠ ಸರಿಯಾಗಿತ್ತು. ಹೊಟ್ಟೆ ದುಂಡಗಾಗಿತ್ತು. ಚಂದ್ರಕಲಾ ಎಂದು ಇದ್ದ ಕಡೆ ಹೊಸ ತಾಮ್ರ ಬಿಟ್ಟರೆ ಏನೂ ಇರಲಿಲ್ಲ.

‘ಅಯ್ಯಯ್ಯೋ!’ ಎಂದು ಕೆಂಪೀರಕ್ಕ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ‘ಹೆಸರೇ ಹೋಯ್ತಲ್ಲೇ ಹುಡುಗಿ! ಹಂಡೆಗೇ ಇಷ್ಟ ಇರ್ಲಿಲ್ಲ ಅಂತ ಕಾಣ್ತದೆ. ನಾವೇನು ಮಾಡಕಾಗ್ತದೆ.’

ಚಂದ್ರಕಲಾ ಖಾಲಿ ಜಾಗವನ್ನು ನೋಡಿ ಒಮ್ಮೆ ಕಣ್ಣು ಮುಚ್ಚಿದಳು. ನಾನು ಕೊನೆಯ ಸುತ್ತನ್ನು ಬಿಚ್ಚಿ ಹಂಡೆಯನ್ನು ಬಿಸಿಲಿಗೆ ತಿರುಗಿಸಿದೆ.

ನುಣ್ಣನೆ ಜಾಗ ಇರಲಿಲ್ಲ. ಅಲ್ಲಿ ಚುಕ್ಕಿಗಳಿದ್ದವು. ಸಾಬರ ಉಳಿಯ ಚುಕ್ಕಿಗಳಲ್ಲ, ಯಾರೋ ಮೊಳೆ ಹಿಡಿದು ಹೊಡೆದದ್ದು. ಒಂದು ಆಳ, ಒಂದು ಮೇಲುಮೇಲೆ, ಸಾಲು ಏರಿ ಇಳಿದು ಸೊಟ್ಟಸೊಟ್ಟಗೆ ಹೋಗಿತ್ತು. ಮೂರೇ ಅಕ್ಷರ. ಕೆಂಪೀರಿ.

ಗಿರಿಯಪ್ಪಣ್ಣ ಜಗಲಿಯಿಂದ ಇಳಿದು ಬಂದ. ಬಗ್ಗಿ ನೋಡಿದ, ನಡುಗುವ ಬೆರಳನ್ನು ಅದರ ಮೇಲೆ ಓಡಿಸಿದ.

‘ಇದು ನಾನು ಹೊಡೆದಿದ್ದು’ ಎಂದ.

ಕೆಂಪೀರಕ್ಕನ ಬಾಯಿಂದ ಸೆರಗು ಜಾರಿತ್ತು. ಅವಳು ಈ ಸಲ ಮುಖ ತಿರುಗಿಸಿಕೊಳ್ಳಲೂ ಇಲ್ಲ.

‘ಮದುವೆಯಾದ ವರ್ಷ’ ಎಂದು ಗಿರಿಯಪ್ಪಣ್ಣ ನನಗೆ ಹೇಳಿದ. ಹೇಳಿದ್ದು ನನಗೆ, ನೋಡುತ್ತಿದ್ದದ್ದು ಹೆಂಡತಿಯನ್ನು. ‘ಅವ್ವನ್ನ ಕೇಳಿದ್ರೆ ಈಗ್ಲೇ ಬೇಡ ಅಂತಿದ್ಲು. ಅದಕ್ಕೆ ನಾನೇ ಮೊಳೆ ತಗಂಡು ಹೊಡ್ದೆ. ನನಗೇನು ಬರ್ತಿತ್ತು, ಸೊಟ್ಟಗಾಯ್ತು. ನಾಕು ದಿನ ಬಿಟ್ಟು ನೋಡಿದ್ರೆ ಇರ್ಲಿಲ್ಲ. ಇವಳ್ನ ಕೇಳಿದ್ರೆ, ಹುಣಸೆಹಣ್ಣು ಬೂದಿ ಹಾಕಿ ತಿಕ್ಕಿದೆ, ಅಳಿಸೋಯ್ತು ಅಂದ್ಲು. ಸೊಟ್ಟಗಿತ್ತಲ್ಲ, ಇವಳಿಗೆ ಹಿಡಿಸ್ಲಿಲ್ಲ, ಬೇಕಂತ್ಲೇ ತಿಕ್ಕಿದಾಳೆ ಅಂದ್ಕಂಡೆ. ಮತ್ತೆ ಆ ಮಾತೇ ಎತ್ಲಿಲ್ಲ.’

‘ಹಿಡಿಸ್ಲಿಲ್ಲ ಅಂತ ನಾನು ಯಾವತ್ತು ಅಂದೆ!’ ಕೆಂಪೀರಕ್ಕನ ಧ್ವನಿ ಅಂಗಳಕ್ಕೆಲ್ಲ ಕೇಳಿಸಿತು. ‘ಹುಣಸೆಹಣ್ಣಿಗೆ ತಾಮ್ರ ಹೋಗ್ತದಾ? ಬಡಗಿ ಆಗಿ ಅಷ್ಟೂ ಗೊತ್ತಾಗ್ಲಿಲ್ವಾ ನಿಮಗೆ? ನಿಮ್ಮವ್ವ ನಿಮ್ಮ ಪೆಟ್ಟಿಗೇಲಿದ್ದ ಅರಾನೇ ತಗಂಡು, ನನ್ನ ಮುಂದೇನೇ ಕೂತು ಉಜ್ಜಿದ್ರು. ನೆಂಟಳು ನೆಂಟಳಂಗೆ ಇರು ಅಂದ್ರು. ನಿಮಗೆ ಹೇಳಿದ್ರೆ ತಾಯಿಗೂ ಮಗನಿಗೂ ಮಾತು ಬಿಟ್ಟೋಗ್ತದೆ ಅಂತ ನುಂಗ್ಕಂಡೆ. ಅವರು ಹೋದ ಮೇಲಾದ್ರೂ ನೀವು ಇನ್ನೊಂದ್ಸಲ ಹೊಡೀತೀರಿ ಅಂತ ಕಾದೆ, ಕಾದೆ…’

ಅವಳು ಅತ್ತದ್ದನ್ನು ನಾನು ನೋಡಿದ್ದು ಅದೇ ಮೊದಲು. ಗಿರಿಯಪ್ಪಣ್ಣ, ‘ನಾನೂ ನೀನು ಹೇಳ್ತೀಯ ಅಂತ ಕಾದೆ ಕಣೆ’ ಎಂದ. ಪೆಚ್ಚಾಗಿ ನಕ್ಕ, ಪಂಚೆಯ ತುದಿಯಿಂದ ಮೂಗು ಒರೆಸಿಕೊಂಡ. ನನಗೂ ಕಣ್ಣು ತುಂಬಿ ಬಂತು, ಕಟ್ಟಿನ ಬಟ್ಟೆಯಲ್ಲೇ ಒರೆಸಿಕೊಂಡೆ. ಚೆನ್ನಾಗಿ ಅತ್ತೆ, ಹೇಳಲು ನನಗೇನು ನಾಚಿಕೆ.

ಕೆಂಪೀರಕ್ಕ ಹಂಡೆಯ ಮುಂದೆ ಕುಕ್ಕರಗಾಲಿನಲ್ಲಿ ಕೂತು ತನ್ನ ಹೆಸರನ್ನು ಸವರಿದಳು. ಕೈ ಹಾಗೆಯೇ ಪಕ್ಕಕ್ಕೆ ಸರಿದು, ಸೊಸೆಯ ಹೆಸರಿದ್ದ ಖಾಲಿ ಜಾಗಕ್ಕೆ ಬಂದು ನಿಂತಿತು. ಅಲ್ಲಿಂದ ಕೈ ತೆಗೆಯಲಿಲ್ಲ.

‘ನಾನೇ ಕಣೆ ಹೇಳಿದ್ದು ಈ ನಂಜಿಗೆ’ ಎಂದಳು ಸೊಸೆಯ ಕಡೆ ನೋಡದೆ. ‘ನಿನ್ನ ಹೆಸರು ಹೋಗೋವರ್ಗೂ ಬಿಚ್ಚಬೇಡ ಅಂತ.’

‘ಗೊತ್ತು ಅತ್ತೆ.’

‘ಗೊತ್ತಾ?’

‘ನಾನೇ ಒಪ್ಪಿದ್ದು. ಒಂಬತ್ತನೇ ದಿನದವರೆಗೂ ಬಿಡಿ ಅಂತ.’

ಈಗ ಇಬ್ಬರೂ ನನ್ನ ಕಡೆ ತಿರುಗಿದರು. ಕೆಂಪೀರಕ್ಕನ ಕಣ್ಣೀರು ಇನ್ನೂ ಆರಿರಲಿಲ್ಲ, ಬಾಯಿ ಆಗಲೇ ವಾಸಿಯಾಗಿತ್ತು. ‘ಹಸಿ ಐತೆ ಅಂದ್ಯಲ್ಲೇ ಮಿಟಕಲಾಡಿ! ನನ್ನ ಕೈಲಿ ಖಾಲಿ ಗಾಡಿ ಹೊಡೆಸಿದ್ಯಲ್ಲ! ನಿನ್ನ ನಂಬಿ ಊರು ಸಾಮಾನು ಕೊಡ್ತದಲ್ಲ, ಅವರಿಗೆ ಬುದ್ಧಿ ಇಲ್ಲ!’ ನಾನೂ ಬಿಡಲಿಲ್ಲ. ‘ಎಲ್ಲಿವರ್ಗೂ ವಾಸಿ ಮಾಡ್ಲಿ ಅಂತ ಸರಿಯಾಗೇ ಕೇಳಿದ್ದೆ ಅಕ್ಕ, ನೀನೇ ತಪ್ಪು ಲೆಕ್ಕ ಕೊಟ್ಟೆ’ ಎಂದೆ. ಗಿರಣಿಯ ಕಡೆಯಿಂದ ಯಾರೋ ಇಣುಕಿ ನೋಡಿದರು.

‘ಸಾಕು ನಿಂದು’ ಎಂದು ಎದ್ದು ಕೆಂಪೀರಕ್ಕ ಸೊಸೆಯ ಮೇಲೆ ರೇಗಿದಳು. ‘ನಿಂತ್ಕಂಡು ಏನೇ ನೋಡ್ತೀಯ? ಮಾವನ ಪೆಟ್ಟಿಗೆಯಿಂದ ಮೊಳೆ, ಸುತ್ತಿಗೆ ತಗಂಡು ಬಾ. ಬೇಗ. ನೀರು ತುಂಬೋ ಹೊತ್ತು ಮೀರ್ತದೆ.’

ವಾರವಾದ ಮೇಲೆ ಅತ್ತೆ ರೇಗಿದ್ದು ಕೇಳಿ ಚಂದ್ರಕಲಾಗೆ ಅದೆಷ್ಟು ಸಮಾಧಾನವಾಯಿತೋ, ಒಳಕ್ಕೆ ಓಡಿದಳು. ‘ಸಾಬರನ್ನ ಕರೀಲಾ?’ ಎಂದು ನಾನು ಕೇಳಿದೆ. ಬೇಡ ಎಂದಳು ಕೆಂಪೀರಕ್ಕ. ಗಂಡನ ಕೈ ನಡುಗುತ್ತದೆ ಎಂದು ಮೊಳೆಯನ್ನು ತಾನೇ ಹಿಡಿದು ಕೂತಳು. ಗಿರಿಯಪ್ಪಣ್ಣ ಸುತ್ತಿಗೆ ಎತ್ತಿ ಮೆಲ್ಲಗೆ ಒಂದೊಂದೇ ಏಟು ಹಾಕಿದ. ಎರಡು ಏಟು ಅವಳ ಹೆಬ್ಬೆರಳಿಗೂ ಬಿದ್ದವು. ಅರ್ಧ ಆಗುವಷ್ಟರಲ್ಲಿ ಚಂದ್ರಕಲಾ, ‘ಚಂದ್ರ ಅಂತ ಇದ್ರೆ ಸಾಕು ಮಾವ, ಅತ್ತೆ ಕೈ ಉಳೀಲಿ’ ಎಂದಳು. ‘ಸುಮ್ನಿರೆ, ಪೂರ್ತಿ ಹೊಡೀತಾರೆ’ ಎಂದು ಅತ್ತೆ ಗದರಿಸಿದಳು. ಪೂರ್ತಿಯೇ ಹೊಡೆದರು. ಮೊದಲಿನದಕ್ಕಿಂತ ಸೊಟ್ಟಗಾಯಿತು. ಆಮೇಲೆ ಅತ್ತೆ ಸೊಸೆ ಇಬ್ಬರೂ ಒಂದೇ ಕೊಡಕ್ಕೆ ಕೈ ಹಾಕಿ ಹಂಡೆಗೆ ನೀರು ಹೊಯ್ದರು. ಕಂಠದಿಂದ ಒಂದು ಹನಿಯೂ ಸೋರಲಿಲ್ಲ ಎನ್ನುವುದನ್ನು ಇಲ್ಲಿ ಹೇಳಲೇಬೇಕು.

ಮೊನ್ನೆ, ಅಂದರೆ ಅದಾಗಿ ಎಂಟು ತಿಂಗಳಿಗೆ, ಆ ಹಂಡೆ ಒಲೆಯಿಂದ ಇಳಿಸುವಾಗ ಜಾರಿ ಮತ್ತೆ ತಳ ನಗ್ಗಿತು. ಕೆಂಪೀರಕ್ಕ ಗಾಡಿಯಲ್ಲಿ ತಂದಳು. ನಾನು ಬೇಕೆಂದೇ ಕೇಳಿದೆ.

‘ಎಲ್ಲಿವರ್ಗೂ ವಾಸಿ ಮಾಡ್ಲಿ ಅಕ್ಕ?’

‘ತಳಕ್ಕೆ ಎಷ್ಟು ಬೇಕೋ ಅಷ್ಟು.’

‘ಒಂದಿನ ಜಾಸ್ತಿ ಬಿಡ್ಲಾ?’

ಅವಳು ಖಾಲಿ ಗಾಡಿ ಹೊಡೆಸಿಕೊಂಡು ಹೋದಳು. ಏಳನೇ ದಿನ ನಾನು ಬಾಗಿಲು ತೆಗೆಯುವಷ್ಟರಲ್ಲಿ ಕೆಂಪೀರಕ್ಕ ನಮ್ಮ ಜಗಲಿಯ ಮೇಲೆ ಕೂತಿದ್ದಳು. ಗಂಡನ ಗಡಿಯಾರವನ್ನು ಕೈಯಲ್ಲಿ ಹಿಡಿದಿದ್ದಳು, ಬುತ್ತಿಯನ್ನೂ ಕಟ್ಟಿಕೊಂಡು ಬಂದಿದ್ದಳು. ಕಾಫಿ ಕೊಟ್ಟರೆ ಬೇಡ ಎಂದಳು, ಒಳಗೆ ಬಾ ಎಂದರೆ ಬರಲಿಲ್ಲ. ಇನ್ನೂ ಮಧ್ಯಾಹ್ನ ಆಗಬೇಕು, ಹೋಗಿ ಬಾ ಎಂದೆ.

‘ಹೋಗಲ್ಲ. ನಿನ್ನ ಕೈ ನಂಬಕಾಗಲ್ಲ. ಒಂದು ಗಳಿಗೆ ಹೆಚ್ಚಾದ್ರೆ ಮೊದಲು ಹೋಗೋದು ನನ್ನ ಸೊಸೆ ಹೆಸ್ರು’ ಎಂದು ಹಂಡೆಯ ಪಕ್ಕಕ್ಕೆ ಸರಿದು, ಕಟ್ಟಿನ ಗಂಟಿನ ಮೇಲೆ ಕೈಯಿಟ್ಟುಕೊಂಡು ಕೂತಳು.